ಬೇಡ ಅಂದವರ ಜಗುಲಿಯಲ್ಲಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಊರು ಸುತ್ತಿ ಜನರ ಆರೋಗ್ಯ ನೋಡುವ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿಲ್ಲ, ಆಗಲೇ "ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ" ಅಂತ ಬರೆದಿದ್ದೀಯ. ಓದಿ ನಗು ಬಂತು. ನಾನು ನರ್ಸಮ್ಮ ಆದ ಮೊದಲ ವರ್ಷ ನಿನ್ನ ಅಮ್ಮನ ಮುಂದೆ ಇದೇ ಮಾತು ಆಡಿ ಅತ್ತಿದ್ದೆ.

ಜನರನ್ನು ಒಪ್ಪಿಸೋಕೆ ಏನು ಬೇಕು ಅಂತ ಹಳೇ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳಿದ ಮೂರು ವಿಷಯ ಟ್ರೈನಿಂಗಿನಲ್ಲಿ ಕಲಿತೆ ಅಂದೆಯಲ್ಲ. ಹೇಳುವವರ ಮೇಲಿನ ನಂಬಿಕೆ, ಕೇಳುವವರ ಮನಸ್ಸು, ಮಾತಿನೊಳಗಿನ ಕಾರಣ. ನೀನು ಮೂರನೆಯದನ್ನು ಮಾತ್ರ ಹಿಡಿದು ಊರು ಸುತ್ತುತ್ತಿದ್ದೀಯ. ಆ ಪುಣ್ಯಾತ್ಮ ಜಾಸ್ತಿ ತೂಕ ಕೊಟ್ಟಿದ್ದು ಮೊದಲನೆಯದಕ್ಕೆ. ಆದರೆ ಆ ನಂಬಿಕೆ ಆಡುವ ಮಾತಿನಿಂದಲೇ ಹುಟ್ಟಬೇಕು ಅಂದ. ಇಲ್ಲಿ ನನ್ನದೊಂದು ತಕರಾರಿದೆ. ಅಥೆನ್ಸಿನ ಸಭೆಗೆ ಅದು ಸರಿ ಇರಬಹುದು. ನಮ್ಮ ಹಳ್ಳಿಯಲ್ಲಿ ನೀನು ಬಾಯಿ ಬಿಡುವ ಮೊದಲೇ ನಿನ್ನ ಲೆಕ್ಕ ಹಾಕಿರುತ್ತಾರೆ. ಹಳೇ ಬಾಕಿ ಇದ್ದರೆ ಹೊಸ ಮಾತು ಒಳಗೆ ಇಳಿಯುವುದಿಲ್ಲ.

ನನ್ನ ಬಾಕಿಯ ಕತೆ ಹೇಳುತ್ತೇನೆ. ಮಾಗಡಿ ಕಡೆಯ ಒಂದು ಹಳ್ಳಿ, ಪಲ್ಸ್ ಪೋಲಿಯೊ ಸಮಯ. ಭಾನುವಾರ ಬೂತು, ಆಮೇಲೆ ಮನೆಮನೆ ಸುತ್ತಾಟ. ಹನಿ ಹಾಕಿಸಿಕೊಂಡ ಮನೆ ಗೋಡೆಗೆ ಸೀಮೆಸುಣ್ಣದಲ್ಲಿ 'ಪಿ' ಬರೆಯಬೇಕು, ಮಗು ತಪ್ಪಿದ ಮನೆಗೆ 'ಎಕ್ಸ್'. ಒಂದು ಮನೆಗೆ ಮೂರು ಸುತ್ತೂ ಎಕ್ಸೇ. ಅಜ್ಜಿ ಬಾಗಿಲಿಗೆ ಅಡ್ಡ ನಿಂತು "ಬೇಡ" ಅನ್ನೋಳು. ಕಾಲು ಸ್ವಾಧೀನ ಹೋಗುತ್ತೆ, ಜೀವನಪೂರ್ತಿ ಕುಂಟಬೇಕಾಗುತ್ತೆ ಅಂತ ನಾನು ಹೆದರಿಸಿದೆ. ಬಾಗಿಲು ಹಾಕಿಕೊಂಡಳು.

ನಾಲ್ಕನೇ ಸಲ ಹೋದಾಗ ಜನವರಿ. ಅಜ್ಜಿ ಜಗುಲಿ ಮೇಲೆ ನೆನೆಹಾಕಿದ ಅವರೆಕಾಳು ಹಿಚುಕುತ್ತಾ ಕೂತಿದ್ದಳು. ನನಗೆ ಕಾಲು ನೋವು, ಸುಮ್ನೆ ಪಕ್ಕದಲ್ಲಿ ಕೂತೆ. ಲಸಿಕೆಯ ಡಬ್ಬಿ ಕೆಳಗಿಟ್ಟು ನಾನೂ ಒಂದು ಹಿಡಿ ತಗೊಂಡು ಹಿಚುಕತೊಡಗಿದೆ. ಮಾತಿಲ್ಲ. ಅರ್ಧ ಪಾತ್ರೆ ಬೇಳೆಯಾದ ಮೇಲೆ ಅಜ್ಜಿಯೇ ಶುರು ಮಾಡಿದಳು. "ದೊಡ್ಡ ಮೊಮ್ಮಗನಿಗೆ ನೀನೇ ತೊಡೆಗೆ ಚುಚ್ಚಿದ್ದು. ರಾತ್ರಿಯೆಲ್ಲ ಜ್ವರ. ನಾನೇ ಎತ್ಕೊಂಡು ಹೋಗಿದ್ದೆ ಅಂತ ಸೊಸೆ ಎಂಟು ದಿನ ನನ್ನ ಹತ್ರ ಮಾತಾಡಲಿಲ್ಲ."

ಅದು ಡಿಪಿಟಿ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಬಾರದಿರಲಿ ಅಂತ ಹಾಕುವ ಸೂಜಿ. ಅದಕ್ಕೆ ಜ್ವರ ಬರುವುದು ಸಾಮಾನ್ಯ. ಹೇಳಬೇಕಿತ್ತು. ಅವತ್ತು ಸಾಲು ಉದ್ದ ಇತ್ತು, ನಾನು ಹೇಳಿರಲಿಲ್ಲ. ಅವಳು ಬೇಡ ಅಂದಿದ್ದು ಪೋಲಿಯೊ ಹನಿಗಲ್ಲ, ನನಗೆ. "ತಪ್ಪು ನಂದೇ ಅಜ್ಜಿ" ಅಂದೆ. ಅವಳು ಸ್ವಲ್ಪ ಹೊತ್ತು ಕಾಳು ಹಿಚುಕಿ, "ಈ ಹನಿಗೂ ಜ್ವರ ಬರುತ್ತಾ?" ಅಂತ ಕೇಳಿದಳು. ಸಾಮಾನ್ಯವಾಗಿ ಬರಲ್ಲ ಅಂದೆ. ಒಳಗೆ ಹೋಗಿ ಮಗು ಎತ್ಕೊಂಡು ಬಂದಳು.

ಉತ್ತರ ಪ್ರದೇಶದಲ್ಲಿ ಇದೇ ತೊಡಕು ದೊಡ್ಡ ಮಟ್ಟದಲ್ಲಿ ಆಗಿತ್ತು. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗಲ್ಲ ಅನ್ನುವ ಗಾಳಿಮಾತು. ಅದರ ಕೆಳಗೆ ಇನ್ನೊಂದು ಸಿಟ್ಟು: ಬೇರೆ ಕಾಯಿಲೆಗೆ ಯಾರೂ ತಿರುಗಿ ನೋಡಲ್ಲ, ಈ ಹನಿಗೆ ಮಾತ್ರ ಯಾಕೆ ಮತ್ತೆ ಮತ್ತೆ ಬಾಗಿಲು ತಟ್ಟುತ್ತೀರಿ? ಬರೀ ವಿಜ್ಞಾನ ಹೇಳಿ ಅದು ಕರಗಲಿಲ್ಲ. ಅದೇ ಓಣಿಯ ಹೆಂಗಸರು ಮನೆಮನೆಗೆ ಹೋದರು, ಮಸೀದಿಯ ಮೈಕಿನಲ್ಲಿ ಕರೆ ಕೊಡಿಸಿದರು. ದೇಶದ ಕೊನೆಯ ವೈಲ್ಡ್ ಪೋಲಿಯೊ ಕೇಸು, ಅಂದರೆ ತಾನಾಗಿ ಹರಡುವ ಪೋಲಿಯೊ, 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚಿನಲ್ಲಿ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಬಂತು.

ಈಗ ನಿನ್ನ ಬಿಪಿ ಗಿರಾಕಿಯ ವಿಷಯ. 160/100 ಅಂತ ಟ್ಯಾಬಿನಲ್ಲಿ ತೋರಿಸಿದೆ, "ನಂಗೇನೂ ಆಗಿಲ್ಲಮ್ಮ" ಅಂತ ಎದ್ದು ಹೋದರು ಅಂದೆಯಲ್ಲ. ಆ ಅಂಕಿ ಅವರಿಗೆ ಯಾವ ಊರಿನ ಲೆಕ್ಕ? ತೋಟ ಇರುವವರು. ಪೈಪಿನ ಒಳಗೆ ಪ್ರೆಶರ್ ಜಾಸ್ತಿಯಾದರೆ ಹೊರಗಿನಿಂದ ಏನಾದರೂ ಕಾಣುತ್ತಾ ಅಂತ ಕೇಳಿ ನೋಡು. ಜಾಯಿಂಟ್ ಕಿತ್ತುಕೊಂಡು ಬಂದಾಗಲೇ ಗೊತ್ತಾಗೋದು ಅಂತ ಅವರೇ ಹೇಳುತ್ತಾರೆ. ಆ ಮಾತು ಅವರ ಬಾಯಿಂದ ಬರಲಿ.

ಲಕ್ವ ಹೊಡೆಯುತ್ತೆ ಅಂತ ಮೊದಲೇ ಹೆದರಿಸಬೇಡ. ದಾರಿ ತೋರಿಸದೆ ಹೆದರಿಸಿದರೆ ಮನುಷ್ಯ ಓಡಿಹೋಗುತ್ತಾನೆ ಅಷ್ಟೇ. ಬೆಳಗಿನ ಕಾಫಿ ಆದಮೇಲೆ ಒಂದು ಮಾತ್ರೆ, ಅಷ್ಟು ಸಣ್ಣದಾಗಿ ಹೇಳು.

"ಶುರು ಮಾಡಿದರೆ ಸಾಯೋವರೆಗೂ ಬಿಡಂಗಿಲ್ವಂತೆ?" ಅಂತ ಒಂದು ದಿನ ಕೇಳಿಯೇ ಕೇಳುತ್ತಾರೆ. ಬಹಳ ಜನ ಬಿಡುವುದಿಲ್ಲ, ನಿಜ. ಹಾಗೇ ಹೇಳು. ಆರು ತಿಂಗಳು ಸಾಕು ಅಂತ ಸುಳ್ಳು ಹೇಳಿ ಒಪ್ಪಿಸಿದರೆ ಏಳನೇ ತಿಂಗಳು ನಿನ್ನ ಮುಖ ನೋಡಲ್ಲ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರ್ಕೊಂಡು ಹೋಗು. ಆ ಮನೆಯಲ್ಲಿ ಯಾರ ಮಾತು ನಡೆಯುತ್ತೆ, ಯಾರಿಗೆ ಯಾರ ಮೇಲೆ ಮುನಿಸು ಅಂತ ನಿನ್ನ ಟ್ಯಾಬಿಗಿಂತ ಅವಳಿಗೆ ಚೆನ್ನಾಗಿ ಗೊತ್ತು.

ನಿನ್ನ ಅಮ್ಮನ ಕೈಲಿ ಎರಡು ಕೆಜಿ ಅವರೆಕಾಯಿ ಕಳಿಸುತ್ತಿದ್ದೇನೆ, ಸೊಗಡು ಚೆನ್ನಾಗಿದೆ. ಒಬ್ಬಳೇ ಸುಲಿಯುತ್ತಾ ಕೂರಬೇಡ. ಆ ಬಿಪಿಯವರ ಮನೆ ಜಗುಲಿ ದೊಡ್ಡದಿದೆ ಅಂತ ನೀನೇ ಬರೆದಿದ್ದೆ, ಅಲ್ವಾ?

ಇಂತಿ,
ನಿನ್ನ ದೊಡ್ಡಮ್ಮ