ಬೆರಳು ಚುರುಕಾದರೆ ಸಾಕೇ? ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಶಾಲೆಯ ಸಭೆಗೆ ಬಂದಾಗಲೆಲ್ಲ ನಿಮ್ಮಲ್ಲಿ ಹಲವರು ಆಡುವ ಮಾತು ಒಂದೇ: "ಮೊಬೈಲ್ ವಿಚಾರ ನಮಗೇನು ಗೊತ್ತು ಮೇಡಂ, ಎಲ್ಲ ಮಗನೇ ನೋಡಿಕೊಳ್ಳುತ್ತಾನೆ." ಅದರಲ್ಲಿ ಸಂಕೋಚಕ್ಕಿಂತ ಹೆಮ್ಮೆಯೇ ಹೆಚ್ಚು. ಆ ಹೆಮ್ಮೆ ಸ್ವಲ್ಪ ತಾಳಲಿ ಎಂದು ಕೇಳಿಕೊಳ್ಳಲು ಈ ಪತ್ರ.

ನಾವು ಎಸ್‌ಟಿಡಿ ಬೂತಿನ ಮುಂದೆ ರಾತ್ರಿಯ ದರ ಇಳಿಯಲೆಂದು ಕಾದವರು. ನಮ್ಮ ಪ್ರೌಢಶಾಲೆಯ ಮಕ್ಕಳು ಅಕ್ಷರ ಕಲಿಯುವ ಹೊತ್ತಿಗೆ ಇಂಟರ್ನೆಟ್ ಅಗ್ಗವಾಗಿತ್ತು. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠವೂ ಮೊಬೈಲಿಗೇ ಬಂತು. ಇಂಥ ಮಕ್ಕಳನ್ನು ಡಿಜಿಟಲ್ ಲೋಕದ ಮೂಲನಿವಾಸಿಗಳೆಂದೂ ನಮ್ಮಂಥವರನ್ನು ವಲಸೆ ಬಂದವರೆಂದೂ 2001ರಲ್ಲೇ ಅಮೆರಿಕದ ಮಾರ್ಕ್ ಪ್ರೆನ್ಸ್ಕಿ ಬರೆದಿದ್ದರು. ಕೇಳಲು ಸೊಗಸಾಗಿದೆ. ಆದರೆ ಪಾಲ್ ಕಿರ್ಷ್ನರ್ ಮತ್ತು ಪೆಡ್ರೊ ಡಿ ಬ್ರೌಕೆರೆ ಎಂಬ ಶಿಕ್ಷಣ ಸಂಶೋಧಕರು ಹಲವು ಅಧ್ಯಯನಗಳನ್ನು ಪರಿಶೀಲಿಸಿ, ಈ ಕಾಲದಲ್ಲಿ ಹುಟ್ಟಿದ ಮಾತ್ರಕ್ಕೆ ಡಿಜಿಟಲ್ ಜಾಣತನ ಬರುವುದಿಲ್ಲ, ಒಟ್ಟಿಗೆ ಎರಡು ಕೆಲಸಕ್ಕೆ ಗಮನ ಕೊಡುವ ಶಕ್ತಿಯೂ ಇವರಿಗೆ ವಿಶೇಷವಾಗಿ ಇಲ್ಲ ಎಂದು 2017ರಲ್ಲಿ ಹೇಳಿದರು. ತರಗತಿಯಲ್ಲಿ ನಾವು ಕಾಣುವುದೂ ಅದೇ. ಸೊಗಸಾಗಿ ರೀಲ್ಸ್ ಮಾಡುವ ಮಕ್ಕಳಿಗೆ ಇಮೇಲ್‌ಗೆ ಒಂದು ಕಡತ ಲಗತ್ತಿಸಲು ಬರುವುದಿಲ್ಲ. ಹುಡುಕಿದಾಗ ಮೊದಲು ಕಂಡದ್ದೇ ಉತ್ತರ, ಅದು ಜಾಹೀರಾತಾದರೂ ಸರಿ.

ನೀವು ಹಾಗಲ್ಲ. ನಮ್ಮ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಮೊಬೈಲಿನಲ್ಲೇ ದರ ಕೂಗುತ್ತಾರೆ. ಆದರೆ ಲಾಟ್, ಅಂದರೆ ಮಾರಾಟಕ್ಕಿಟ್ಟ ಗೂಡಿನ ರಾಶಿ, ನೋಡದೆ ಕೂಗುವ ರೀಲರ್ ಯಾರಿದ್ದಾರೆ? ಗೂಡನ್ನು ಕೈಗೆತ್ತಿಕೊಂಡು, ಒತ್ತಿ, ಅಲ್ಲಾಡಿಸಿ, ಕಲೆ ಎಷ್ಟಿದೆ, ಎರಡು ಹುಳು ಸೇರಿ ಕಟ್ಟಿದ ಡಬಲ್ ಗೂಡು ಎಷ್ಟು ಬೆರೆತಿದೆ ಎಂದು ಅಂದಾಜು ಮಾಡಿದ ಮೇಲೆಯೇ ಬೆರಳು ಮೊಬೈಲಿಗೆ ಹೋಗುವುದು. ಬೆಳೆಗಾರರೂ ಅಷ್ಟೇ, ತೂಕದ ಚೀಟಿಯನ್ನು ಮತ್ತೊಮ್ಮೆ ನೋಡದೆ ಜೇಬಿಗಿಡುವುದಿಲ್ಲ. ಈ ಅನುಮಾನದ ಕಣ್ಣು ಮಕ್ಕಳಿಗೆ ಬಂದಿಲ್ಲ, ಏಕೆಂದರೆ ಅವರು ಮೊಬೈಲ್ ಹಿಡಿದಾಗ ನೀವು ಪಕ್ಕದಲ್ಲಿ ಇರುವುದಿಲ್ಲ. (ಮನೆಯವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಸುದ್ದಿ ನೋಡಿದರೆ ಆ ಕಣ್ಣನ್ನು ಹಿರಿಯರೂ ಮಾರುಕಟ್ಟೆಯ ಗೇಟಿನಲ್ಲೇ ಬಿಟ್ಟು ಬರುತ್ತಾರೆಯೇ ಎನಿಸುವುದುಂಟು, ಅದು ಬೇರೆ ಮಾತು.)

ಆದ್ದರಿಂದ ಪಹಣಿ ತೆಗೆಯುವಾಗ, ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ, ಬ್ಯಾಂಕಿನ ಹೆಸರಿನಲ್ಲಿ ಸಂದೇಶ ಬಂದಾಗ ಮಕ್ಕಳ ಜೊತೆ ಕುಳಿತುಕೊಳ್ಳಿ. ಒತ್ತುವ ಕೆಲಸ ಅವರದಿರಲಿ. ಇದನ್ನು ಕಳಿಸಿದವರು ಯಾರು, ನಮ್ಮ ವಿವರ ಅವರಿಗೇಕೆ ಎಂದು ನೀವು ಕೇಳಿ. ಮಕ್ಕಳಿಗೆ ಉತ್ತರ ಗೊತ್ತಿಲ್ಲದಿದ್ದರೆ ಮುಂದೆ ಒತ್ತುವುದು ಬೇಡ. ಮೋಸದಿಂದ ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೈಗುಳಕ್ಕೆ ಹೆದರಿ ಮಕ್ಕಳು ಮುಚ್ಚಿಟ್ಟಷ್ಟೂ ಹಣ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ. ರಾತ್ರಿ ಮಲಗುವಾಗ ಮೊಬೈಲ್ ನಿಮ್ಮ ಬಳಿ ಇರಲಿ.

ಇದಕ್ಕಾಗಿ ಹೊಸ ಫೋನ್ ಕೊಡಿಸಬೇಕಿಲ್ಲ. ಮನೆಯಲ್ಲಿರುವುದನ್ನೇ ತೆಗೆದುಕೊಂಡು, ಮಕ್ಕಳ ಜೊತೆ ಈ ಶನಿವಾರದ ಸಭೆಗೆ ಬನ್ನಿ. ಬೆಳಗ್ಗೆ ಹರಾಜು ಇರುವುದರಿಂದ ಸಭೆಯನ್ನು ಮಧ್ಯಾಹ್ನ ಮೂರಕ್ಕೆ ಇಟ್ಟುಕೊಂಡಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ