ಮಗಳಿಗೊಂದು ಪತ್ರ: ಮೊಟ್ಟೆ ಬೆವರಿವೆ, ಕೈ ಹಾಕಬೇಡ

ಮಂಡ್ಯ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಅಜ್ಜಿಯ ಸೊಂಟದ ಮೂಳೆ ಮುರಿದಿರೋದು ಎಕ್ಸ್‌ರೇಲಿ ಖಚಿತವಾಯ್ತು. ಬುಧವಾರ ಆಪರೇಷನ್. ಅವರು ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡೋವರೆಗೂ ನಾನು ಇಲ್ಲಿಂದ ಕದಲೋ ಹಾಗಿಲ್ಲ. ಸಾಯಂಕಾಲ ನೀನು ಕಳಿಸಿದ ಫೋಟೋ ನೋಡಿದೆ. ನಮ್ಮ ಸಾಕು ಊಸರವಳ್ಳಿಯ ಮೂರು ಮೊಟ್ಟೆ ಮೇಲೆ ನೀರಿನ ಹನಿ ಕೂತಿದೆ, ಒಂದರ ಪಕ್ಕ ಒಳಗೆ ಕುಗ್ಗಿದೆ. ನಾಳೆಯೋ ನಾಡಿದ್ದೋ ಮರಿ ಬರ್ತವೆ. ಇಷ್ಟು ತಿಂಗಳು ಕಾದು, ಸರಿಯಾಗಿ ಈಗ ಎಲ್ಲ ನಿನ್ನ ತಲೆ ಮೇಲೆ ಬಿತ್ತು, ಅದೂ ಇಂಟರ್ನಲ್ಸ್ ಇರೋ ವಾರದಲ್ಲಿ. ಬೇಜಾರು ಮಾಡ್ಕೋಬೇಡ. ವಾರ್ಡಿನ ಗಲಾಟೆಯಲ್ಲಿ ಫೋನಲ್ಲಿ ಇಷ್ಟೆಲ್ಲ ಹೇಳೋಕಾಗಲ್ಲ ಅಂತ ಬರೀತಿದ್ದೀನಿ. ಅಪ್ಪ ಬೆಳಿಗ್ಗೆ ಮೈಸೂರಿಗೆ ಬರುವಾಗ ತಂದು ಕೊಡ್ತಾರೆ.

ಮೊದಲನೇ ಮಾತು, ಬೆವರಿದ ಮೊಟ್ಟೆಗೆ ಕೈ ಹಾಕಬೇಡ. ಮರಿ ಮೂತಿಯ ತುದಿಯಲ್ಲಿರೋ ಚಿಕ್ಕ ಹಲ್ಲಿನಿಂದ ಸಿಪ್ಪೆಯ ಒಂದು ತುದೀಲಿ ಗೀರುತ್ತೆ. ನಕ್ಷತ್ರದ ಥರ ನಾಲ್ಕೈದು ಸೀಳು ಕಾಣುತ್ತೆ, ಆಮೇಲೆ ಮೂತಿ ಹೊರಗೆ ಬರುತ್ತೆ. ಅಷ್ಟಕ್ಕೇ ನಿಂತುಬಿಡುತ್ತೆ. ಗಂಟೆಗಟ್ಟಲೆ, ಕೆಲವು ಸಲ ಇಡೀ ದಿನ, ತಲೆ ಮಾತ್ರ ಹೊರಗಿಟ್ಟು ಕಣ್ಣು ಮುಚ್ಚಿ ಕೂತಿರುತ್ತೆ. ಅದು ಸಿಕ್ಕಿಕೊಂಡಿದೆ ಅಂತ ನಿನಗೆ ಅನ್ನಿಸುತ್ತೆ, ಅನ್ನಿಸೇ ಅನ್ನಿಸುತ್ತೆ. ಆದರೆ ಆ ಹೊತ್ತಲ್ಲಿ ಅದರ ಹೊಟ್ಟೆ ಕೆಳಗಿನ ಹಳದಿ ಭಂಡಾರ ಇನ್ನೂ ಮೈಯೊಳಗೆ ಸೇರ್ತಾ ಇರುತ್ತೆ. ಸಿಪ್ಪೆಯ ಒಳಪೊರೆಯ ರಕ್ತನಾಳಗಳು ಹೊಕ್ಕುಳಿಗೆ ಅಂಟಿಕೊಂಡೇ ಇರ್ತವೆ. ಆಗ ನೀನು ಸಿಪ್ಪೆ ಬಿಡಿಸಿದರೆ ನಾಳ ಹರಿದು ರಕ್ತ ಹೋಗುತ್ತೆ, ಇಲ್ಲಾ ಹಳದಿ ಚೀಲ ಒಡೆಯುತ್ತೆ. ಎರಡರಲ್ಲಿ ಯಾವುದಾದರೂ ಮರಿ ಉಳಿಯೋದು ಕಷ್ಟ.

ಹಿಂದಿನ ಸಲದ್ದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನ ಎತ್ತಲ್ಲ.

ಅಕ್ಕಪಕ್ಕದ ಮೊಟ್ಟೆ ಎಲ್ಲ ಒಡೆದು ಒಂದು ಹಾಗೇ ಇದ್ದರೂ ಬಿಡು. 32 ಮೊಟ್ಟೆ ಒಂದೇ ದಿನ ಒಡೆಯಲ್ಲ, ಮೊದಲನೆಯದಕ್ಕೂ ಕೊನೆಯದಕ್ಕೂ ಒಂದೆರಡು ವಾರದ ಅಂತರ ಬಂದರೂ ಬರಬಹುದು. ಬೂಷ್ಟು ಹಿಡಿದು ವಾಸನೆ ಬರೋದನ್ನ ಮಾತ್ರ ಚಮಚದಲ್ಲಿ ತೆಗೆದು ಬೇರೆ ಡಬ್ಬಿಗೆ ಹಾಕು. ಮೊಟ್ಟೆಗಳನ್ನ ಹೊರಳಿಸಬೇಡ. ಮೊಟ್ಟೆ ಇಟ್ಟಿರೋ ವರ್ಮಿಕ್ಯುಲೈಟ್, ಅದೇ ತೇವ ಹಿಡಿದಿಡೋ ಖನಿಜದ ಹರಳು, ಮುಟ್ಟಿದರೆ ತಂಪಾಗಿರಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಬೆವರಿದೆ ಅಂತ ಮೇಲೆ ನೀರು ಚಿಮುಕಿಸಬೇಡ. ಥರ್ಮೋಕೋಲ್ ಪೆಟ್ಟಿಗೆ 27–28 ಡಿಗ್ರಿಯಲ್ಲಿರಲಿ. ಕರೆಂಟ್ ಹೋಗಿ ಒಂದೆರಡು ಗಂಟೆ 24ಕ್ಕೆ ಇಳಿದರೆ ಗಾಬರಿ ಬೇಡ, ಅದು ತಡಕೊಳ್ಳುತ್ತೆ. ಬಿಸಿ ಏರೋದೇ ಅಪಾಯ. ಅದಕ್ಕೇ ಸ್ಟೋರ್ ರೂಮಿನಿಂದ ಆ ಪೆಟ್ಟಿಗೆ ಆಚೆ ಬರಬಾರದು. ಏಪ್ರಿಲ್ ಬಿಸಿಲಿಗೆ ಹಾಲ್ ಕಾಯುತ್ತೆ.

ಮರಿ ಪೂರ್ತಿ ಹೊರಗೆ ಬಂದ ಮೇಲೂ ತಕ್ಷಣ ಎತ್ತಬೇಡ. ಹೊಟ್ಟೆ ಕೆಳಗೆ ಹಳದಿ ಉಂಡೆ ಇನ್ನೂ ಅಂಟಿದ್ದರೆ, ಶುದ್ಧ ನೀರಲ್ಲಿ ಒದ್ದೆ ಮಾಡಿದ ಟಿಶ್ಯೂ ಹಾಸಿದ ಚಿಕ್ಕ ಡಬ್ಬಿಯಲ್ಲಿ, ಅದೇ ಪೆಟ್ಟಿಗೆಯೊಳಗೆ ಇಡು. ಟಿಶ್ಯೂ ಒಣಗಿದರೆ ಚೀಲ ಅದಕ್ಕೇ ಅಂಟಿ ಹರಿಯುತ್ತೆ. ಹೊಕ್ಕುಳು ಮುಚ್ಚಿಕೊಂಡು ಮರಿ ತಾನಾಗಿ ಹತ್ತೋಕೆ ಶುರು ಮಾಡಿದ ಮೇಲೆ ಟಬ್‌ಗೆ ಸಾಗಿಸು. ಸಾಗಿಸೋದು ಹೇಗೆ ಗೊತ್ತಲ್ಲ, ಮುಂದೆ ಒಂದು ಕಡ್ಡಿ ಹಿಡಿ, ಅದೇ ಹತ್ತಿಕೊಳ್ಳುತ್ತೆ. ಮೇಲಿನಿಂದ ಕೈ ಬಂದರೆ ಹದ್ದು ಎರಗಿದ ಹಾಗೆ ಹೆದರುತ್ತೆ. ಬಾಲ ಹಿಡಿದು ಎಳೀಲೇಬೇಡ, ನಮ್ಮ ಗೋಡೆ ಹಲ್ಲಿಯ ಬಾಲದ ಹಾಗೆ ಇದರ ಬಾಲ ಮತ್ತೆ ಬೆಳೆಯಲ್ಲ.

ಟಬ್‌ಗಳನ್ನ ನಿನ್ನ ರೂಮಿನ ಕಿಟಕಿ ಪಕ್ಕದ ಮೇಜಿನ ಮೇಲೆ ಜೋಡಿಸಿಟ್ಟಿದ್ದೀನಿ. ಒಂದೊಂದರಲ್ಲಿ ನಾಲ್ಕೈದು ಮರಿ, ಅದಕ್ಕಿಂತ ಹೆಚ್ಚು ಬೇಡ. ಪಾಪ, ದೊಡ್ಡ ಜಾಗ ಕೊಡೋಣ ಅಂತ ಅಮ್ಮ ಊಸರವಳ್ಳಿಯ ಪಂಜರಕ್ಕೆ ಬಿಟ್ಟರೆ ಒಂದು ಗ್ರಾಂ ಚಿಲ್ಲರೆ ತೂಗೋ ಮರಿಗೆ ಹುಳ ಕಣ್ಣಿಗೇ ಬೀಳಲ್ಲ. ತಳಕ್ಕೆ ಪೇಪರ್ ಟವೆಲ್ ಮಾತ್ರ. ಮಣ್ಣು, ತೆಂಗಿನ ನಾರು ಏನೂ ಬೇಡ, ಹುಳದ ಜೊತೆ ಹೊಟ್ಟೆಗೆ ಹೋಗುತ್ತೆ. ಹತ್ತೋಕೆ ಊದುಬತ್ತಿ ಕಡ್ಡಿ ಗಾತ್ರದ ರೆಂಬೆ, ಅಡ್ಡಡ್ಡ, ಬೇರೆ ಬೇರೆ ಎತ್ತರದಲ್ಲಿ. ಎಲೆಗೆ ದಾಸವಾಳ, ಮನಿ ಪ್ಲಾಂಟ್. ದಾಸವಾಳ ಮನೆ ಗಿಡದ್ದೇ ಆಗಲಿ, ಮಾರುಕಟ್ಟೆಯದಕ್ಕೆ ಔಷಧಿ ಹೊಡೆದಿರ್ತಾರೆ. ಕಾಂಪೌಂಡ್ ಪಕ್ಕದ ಕಣಗಿಲೆ ಕಡ್ಡಿಯನ್ನ ಮರೆತೂ ತರಬೇಡ, ಅದು ವಿಷ, ಈ ಜಾತಿಯವು ಎಲೆ ಕಚ್ಚಿ ತಿನ್ನೋ ಅಭ್ಯಾಸದವು.

ಇರುವೆ. ಮೇಜಿನ ನಾಲ್ಕೂ ಕಾಲಿನ ಕೆಳಗೆ ನೀರಿನ ಬಟ್ಟಲು ಇಟ್ಟಿದ್ದೀನಿ, ಅದು ಒಣಗದ ಹಾಗೆ ನೋಡ್ಕೋ. ರಾತ್ರಿ ಇರುವೆ ಸಾಲು ಹತ್ತಿದರೆ ಬೆಳಿಗ್ಗೆಗೆ ಏನೂ ಉಳಿಯಲ್ಲ. ಇರುವೆ ಸೀಮೆಸುಣ್ಣ, ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್, ಸಾಂಬ್ರಾಣಿ ಹೊಗೆ ಯಾವುದೂ ಆ ರೂಮಿಗೆ ಬೇಡ. ನೀನು ಸೊಳ್ಳೆಪರದೆ ಕಟ್ಟಿಕೊಂಡು ಮಲಗು.

ನೀರಿನ ವಿಷಯ ಗಮನವಿಟ್ಟು ಓದು. ಬಟ್ಟಲಲ್ಲಿ ನಿಂತ ನೀರು ಅವಕ್ಕೆ ನೀರು ಅಂತ ಗೊತ್ತಾಗಲ್ಲ. ಎಲೆ ಮೇಲೆ ಹೊಳೆಯೋ ಹನಿಯನ್ನೇ ನೆಕ್ಕೋದು. ತಳದಲ್ಲಿ ನೀರು ನಿಂತರೆ ಮರಿ ಬಿದ್ದು ಮುಳುಗುತ್ತೆ. ಬೆಳಿಗ್ಗೆ ಲೈಟ್ ಹಾಕಿದ ತಕ್ಷಣ, ಮಧ್ಯಾಹ್ನ, ಮತ್ತೆ ಲೈಟ್ ಆರಿಸೋಕೆ ಒಂದು ಗಂಟೆ ಮುಂಚೆ ಸ್ಪ್ರೇ ಮಾಡು. ಬಿಸಿಲು ಜಾಸ್ತಿ ಇದ್ದ ದಿನ ಇನ್ನೊಂದು ಸಲ. ಒಂದೆರಡು ನಿಮಿಷ, ಎಲೆಗೆ ಗುರಿ ಇಡು, ಮುಖಕ್ಕೆ ಬೇಡ. ಮುಖಕ್ಕೆ ರಪ್ಪಂತ ಹೊಡೆದರೆ ಶ್ವಾಸಕ್ಕೆ ನೀರು ಹೋಗುತ್ತೆ. ಎರಡು ಸ್ಪ್ರೇ ನಡುವೆ ಟಬ್ ಒಣಗಲೇಬೇಕು, ಸದಾ ತೊಯ್ದಿದ್ದರೆ ಚರ್ಮಕ್ಕೂ ಶ್ವಾಸಕೋಶಕ್ಕೂ ಸೋಂಕು. ಬೋರ್‌ವೆಲ್ ನೀರು ಬೇಡ, ಎಲೆ ಮೇಲೆ ಬಿಳಿ ಕಲೆ ಕೂರುತ್ತೆ. ಕುದಿಸಿ ಆರಿಸಿದ ಕಾವೇರಿ ನೀರು ಹಾಕು. ಬಾಯಾರಿದೆಯಾ ಅಂತ ತಿಳಿಯೋಕೆ ಹಿಕ್ಕೆ ನೋಡು. ಕಪ್ಪು ಭಾಗದ ಪಕ್ಕದಲ್ಲಿರೋ ಗಟ್ಟಿ ಮೂತ್ರ ಬಿಳೀ ಇದ್ದರೆ ಸರಿ, ಕಿತ್ತಳೆ ಬಣ್ಣ ಬಂದರೆ ನೀರು ಸಾಲ್ತಿಲ್ಲ. ಕಣ್ಣಿನ ಗೋಪುರ ಒಳಗೆ ಕುಸಿದಿದ್ದರೆ ಇನ್ನೂ ತಡ ಆಗಿದೆ ಅಂತ.

ಊಟ. ಮೊದಲ ದಿನ ಹಳದಿಯ ಬಲ ಇರುತ್ತೆ, ಏನೂ ತಿನ್ನದೇ ಇದ್ದರೂ ಪರವಾಗಿಲ್ಲ, ಬಾಯಿ ಬಿಡಿಸಿ ತುರುಕೋಕೆ ಹೋಗಬೇಡ. ಎರಡನೇ ದಿನದಿಂದ ಹಣ್ಣಿನ ನೊಣ. ಅಡುಗೆಮನೆ ಮೇಲಿನ ಕಪಾಟಿನಲ್ಲಿ ಬಾಳೆಹಣ್ಣು, ಓಟ್ಸ್, ಯೀಸ್ಟ್ ಹಾಕಿದ ಬಾಟಲಿಗಳಿವೆ. ಹೊಸ ಬಾಟಲಿಯಲ್ಲಿ ನೊಣ ಬರೋಕೆ ಎರಡು ವಾರದ ಹತ್ತಿರ ಬೇಕು, ಅದಕ್ಕೇ ವಾರಕ್ಕೊಂದು ಹೊಸದು ಹಾಕು. ಬಟ್ಟೆ ಮುಚ್ಚಳ ಬಿಗಿಯಾಗಿರಲಿ. ಮನೆಯ ಕಾಡು ನೊಣ ಒಂದು ಒಳಗೆ ಸೇರಿದರೆ ಮುಂದಿನ ತಲೆಮಾರು ಹಾರುತ್ತೆ, ನಮ್ಮ ಹಾರದ ತಳಿ ಕೆಟ್ಟಂತೆ. ಕ್ರಿಕೆಟ್ ಹುಳುಗಳಲ್ಲಿ ಎಳೆಯವು ಮಾತ್ರ. ಅಳತೆ ಇಷ್ಟೇ, ಮರಿಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ಹುಳ ಉದ್ದ ಇರಬಾರದು. ದಿನಕ್ಕೆ ಎರಡು ಮೂರು ಸಲ, ಮರಿಯೊಂದಕ್ಕೆ ಒಟ್ಟು ಹತ್ತಿಪ್ಪತ್ತು. ಸಂಜೆ ಉಳಿದ ಕ್ರಿಕೆಟ್‌ಗಳನ್ನ ತೆಗೆದುಬಿಡು, ರಾತ್ರಿ ಅವು ಮಲಗಿದ ಮರಿಯ ಕಾಲುಬೆರಳು ಕಚ್ಚುತ್ತವೆ.

ರೇಷ್ಮೆ ಹುಳ ಒಳ್ಳೇ ಆಹಾರ, ಮೆತ್ತಗಿರುತ್ತೆ, ನೀರಿನಂಶ ಇರುತ್ತೆ, ನಮ್ಮ ಕಡೆ ಅದಕ್ಕೇನು ಕೊರತೆ. ಇಲ್ಲಿಂದ ಅಪ್ಪನ ಕೈಲಿ ಒಂದು ಡಬ್ಬಿ ಚಾಕಿ ಹುಳ, ಅಂದರೆ ಎಳೇ ರೇಷ್ಮೆ ಹುಳ ಕಳಿಸ್ತಿದ್ದೀನಿ, ಮೊದಲನೇ ಜ್ವರಕ್ಕೆ, ಅಂದರೆ ಪೊರೆ ಬಿಡೋಕೆ, ಕೂರೋ ಮುಂಚಿನವು. ಆದರೆ ಬೇರೆ ಯಾರ ಹತ್ತಿರವಾದರೂ ತಂದರೆ ಮೊದಲು ಕೇಳು, ಹುಳದ ಹಾಸಿಗೆಗೆ ಸುಣ್ಣ ಅಥವಾ ವಿಜೇತ ಅನ್ನೋ ಸೋಂಕುನಾಶಕ ಪುಡಿ ಉದುರಿಸಿದ್ದಾರಾ ಅಂತ. ಜ್ವರ ಬಿಟ್ಟ ಹುಳಕ್ಕೆ ರೋಗ ಬರದಿರಲಿ ಅಂತ ಉದುರಿಸೋದು ರೈತರಿಗೆ ಸರಿಯೇ, ನಮ್ಮ ಮರಿಯ ಬಾಯಿಗೆ ಅದು ಬರಬಾರದು. ಸೊಪ್ಪಿನ ತೋಟಕ್ಕೆ ಔಷಧಿ ಹೊಡೆದಿದ್ದರೆ ಆ ಹುಳವೂ ಬೇಡ.

ಕ್ಯಾಲ್ಸಿಯಂ ಮರೀಬೇಡ. ಹುಳಗಳನ್ನ ಕವರಿಗೆ ಹಾಕಿ ಒಂದು ಚಿಟಿಕೆ ಬರೀ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ, ವಿಟಮಿನ್ ಡಿ3 ಇಲ್ಲದ್ದು, ಅಲ್ಲಾಡಿಸಿ ಕೊಡು. ಹೆಚ್ಚೂಕಮ್ಮಿ ಪ್ರತಿ ಊಟಕ್ಕೂ. ಡಿ3 ಇರೋ ಮಲ್ಟಿವಿಟಮಿನ್ ಎರಡು ವಾರಕ್ಕೊಂದು ಸಲ ಸಾಕು, ಜಾಸ್ತಿಯಾದರೆ ಅದೇ ವಿಷ. ಕ್ರಿಕೆಟ್‌ಗಳಿಗೆ ಹಿಂದಿನ ದಿನವೇ ನುಗ್ಗೆಸೊಪ್ಪು, ಕ್ಯಾರೆಟ್ ತಿನ್ನಿಸು. ಪಾಲಕ್ ಬೇಡ, ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನ ಹಿಡಿದಿಟ್ಟುಬಿಡುತ್ತೆ. ಯುವಿಬಿ ಟ್ಯೂಬ್, ಅದೇ ಬಿಸಿಲಲ್ಲಿರೋ ನೇರಳಾತೀತ ಬೆಳಕು ಕೊಡೋ ದೀಪ, ಹನ್ನೆರಡು ಗಂಟೆ ಉರಿಯಲಿ, ನಡುವೆ ಗಾಜು ಬರಬಾರದು, ಗಾಜು ಆ ಬೆಳಕನ್ನ ತಡೆಯುತ್ತೆ. ಈ ಎರಡರಲ್ಲಿ ಒಂದು ತಪ್ಪಿದರೂ ಮೂಳೆ ಮೆತ್ತಗಾಗಿ ಮುಂಗಾಲು ಬಿಲ್ಲಿನ ಥರ ಬಾಗುತ್ತೆ, ನಾಲಿಗೆ ಗುರಿ ತಪ್ಪುತ್ತೆ. ಒಂದು ಸಲ ಬಾಗಿದ ಕಾಲು ಪೂರ್ತಿ ನೆಟ್ಟಗಾಗಲ್ಲ.

ಈ ತಿಂಗಳು ಬಿಸಿ ಬಲ್ಬ್ ಬೇಕಿಲ್ಲ. ಟಬ್‌ನ ಮೇಲ್ಗಡೆ 28 ಡಿಗ್ರಿ ಇದ್ದರೆ ಸಾಕು, 30 ದಾಟಲು ಬಿಡಬೇಡ. ಬಾಯಿ ತೆರೆದು ಮೈ ಬಿಳಿಚಿಕೊಂಡು ಕೂತಿದ್ದರೆ ಬಿಸಿ ಜಾಸ್ತಿ, ತಕ್ಷಣ ನೆರಳಿಗೆ. ಪ್ಲಾಸ್ಟಿಕ್ ಟಬ್ಬನ್ನ ಐದು ನಿಮಿಷಕ್ಕೂ ಬಿಸಿಲಲ್ಲಿ ಇಡಬೇಡ. ಮಲಗಿದಾಗ ಬಿಳಿಚೋದು ಸಹಜ. ಹಗಲಲ್ಲಿ ಕಣ್ಣು ಮುಚ್ಚಿ ಕೂರೋದು ಸಹಜವಲ್ಲ, ಹಾಗೆ ಕಂಡರೆ ಅದನ್ನ ಬೇರೆ ಮಾಡಿ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ.

ವಾರಕ್ಕೊಂದು ಸಲ ತೂಗು. ತೂಕ ಏರದೇ ಇರೋದನ್ನ, ಸಣ್ಣದನ್ನ, ಬೇರೆ ಟಬ್‌ಗೆ ಹಾಕು. ದೊಡ್ಡ ಮರಿಗಳು ಕಚ್ಚದೇ ಇದ್ದರೂ ಎದುರಿಗೆ ಕೂತೇ ಚಿಕ್ಕವನ್ನ ಊಟ ಬಿಡಿಸ್ತವೆ. ಎರಡು ತಿಂಗಳಾಗೋ ಹೊತ್ತಿಗೆ ಒಂದೊಂದಕ್ಕೆ ಒಂದೊಂದು ಮನೆ, ನಡುವೆ ಕಾಣದ ಹಾಗೆ ಕಾಗದದ ಪರದೆ. ಗಂಡು ಹೆಣ್ಣು ತಿಳಿಯೋಕೆ ಕಾಯಬೇಕಿಲ್ಲ. ಹಿಂಗಾಲಿನ ಹಿಮ್ಮಡಿ ನೋಡು, ಎರಡು ಬೆರಳು ಒಂದು ಕಡೆ, ಮೂರು ಒಂದು ಕಡೆ ಕಡ್ಡಿ ಹಿಡಿದಿರುತ್ತಲ್ಲ, ಅದರ ಹಿಂದೆ ಸಾಸಿವೆಗಿಂತ ಚಿಕ್ಕ ಗುಬುಟು ಇದ್ದರೆ ಗಂಡು. ಹುಟ್ಟಿದ ದಿನವೇ ಕಾಣುತ್ತೆ. ಲೆಕ್ಕ ಬರೆದಿಡು. ನಮ್ಮ ತಾಯಿ ಊಸರವಳ್ಳಿಯ ನೋಂದಣಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿದೆ, ಮರಿ ಹುಟ್ಟಿದ್ದನ್ನೂ ಅಲ್ಲಿ ವರದಿ ಮಾಡಲೇಬೇಕು, ಹಾಗಂತ ಕಾನೂನು.

ಎದುರುಮನೆ ಆಂಟಿ ಬಂದು ಕುಕ್ಕರಹಳ್ಳಿ ಕೆರೆ ಮರಕ್ಕೆ ನಾಲ್ಕು ಬಿಡಿ ಅಂತಾರೆ. ಬೇಡ. ಇವು ಯೆಮನ್, ಸೌದಿ ಕಡೆಯ ಜಾತಿ. ಫ್ಲೋರಿಡಾದಲ್ಲಿ, ಹವಾಯಿಯ ಮಾವಿ ದ್ವೀಪದಲ್ಲಿ ಸಾಕಿದವು ತಪ್ಪಿಸಿಕೊಂಡೋ ಯಾರೋ ಬಿಟ್ಟೋ ಅಲ್ಲೇ ಬೇರೂರಿವೆ. ನಮ್ಮ ಚಾಮುಂಡಿ ಬೆಟ್ಟದ ಕುರುಚಲಿಗೆ ನಮ್ಮದೇ ಊಸರವಳ್ಳಿ ಇದೆ, ಅದು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರೋದು. ಅದನ್ನ ಯಾರಾದರೂ ಹಿಡಿದು ತಂದುಕೊಟ್ಟರೂ ತಗೋಬೇಡ.

ಓದಿ ನೋಡಿದರೆ ಬರೀ ಬೇಡ ಬೇಡ ಅಂತಲೇ ಬರೆದಿದ್ದೀನಿ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ತಿಳೀಬೇಡ ಪುಟ್ಟಿ. ಇಷ್ಟು ಜನರಲ್ಲಿ ಹನಿ ಕೂತಿದ್ದನ್ನ ಗುರುತಿಸಿ ಫೋಟೋ ತೆಗೆದಿದ್ದು ನೀನೇ, ಅಜ್ಜಿಗೂ ತೋರಿಸಿದೆ. ನೋವಲ್ಲೂ ಕೇಳಿದರು, ಮೊಮ್ಮಗಳು ಒಬ್ಬಳೇ ನೋಡ್ಕೋತಾಳಾ ಅಂತ. ನೋಡ್ಕೋತಾಳೆ ಅಂದೆ. ನಿನಗೆ ಕಷ್ಟ ಕಂಡರೆ ಸುಮ್ಮನಿರೋಕಾಗಲ್ಲ, ಅದು ನನಗೆ ಹೆಮ್ಮೆ. ಆದರೆ ಆ ಸಿಪ್ಪೆಯಿಂದ ತಲೆ ಹೊರಗಿಟ್ಟು ಕೂತಿರೋ ಮರಿ ಹತ್ತಿರ ಮಾತ್ರ ಸುಮ್ಮನಿರು. ಇಡೀ ದಿನ ಆದರೂ ಸುಮ್ಮನಿರು. ನೋಡೋಕಾಗದಿದ್ದರೆ ಮುಚ್ಚಳ ಹಾಕಿ ಹೋಗಿ ಓದ್ಕೋ. ಒಂದು ದಿನ ದಾಟಿದ ಮೇಲೂ ಹಾಗೇ ಇದ್ದರೆ ಫೋಟೋ ಕಳಿಸು, ಕತ್ತರಿ, ಚಿಮಟ ಏನೂ ತರಬೇಡ, ನಾನು ನೋಡಿ ಹೇಳ್ತೀನಿ. ಸರೀಸೃಪ ನೋಡೋ ಡಾಕ್ಟರ ನಂಬರ್ ಫ್ರಿಡ್ಜ್ ಮೇಲಿದೆ.

ಇಂಟರ್ನಲ್ಸ್ ದಿನ ಬೆಳಿಗ್ಗೆಯ ಸ್ಪ್ರೇ, ನೊಣ ಎರಡನ್ನೂ ಮುಗಿಸಿ ಹೋಗು, ಮಧ್ಯಾಹ್ನದ್ದನ್ನ ಅಪ್ಪ ಮಾಡ್ತಾರೆ. ಅವರಿಗೆ ಒಂದು ಸಲ ತೋರಿಸಿಕೊಡು. ಸ್ಪ್ರೇಗೆ ನೀಲಿ ಬಾಟಲಿ ತಗೋ, ಬಿಳೀದರಲ್ಲಿ ಗಾಜು ಒರೆಸೋ ದ್ರಾವಣ ಇತ್ತು. ಫ್ರಿಡ್ಜ್‌ನಲ್ಲಿ ದೋಸೆ ಹಿಟ್ಟು ಮಂಗಳವಾರದವರೆಗೆ ಬರುತ್ತೆ.

ನಿನ್ನ
ಅಮ್ಮ