ಮನೆಮಾತಿನ ಕಾಲಮ್ಮಿನಿಂದ ಶಾಲೆಯ ಬಜೆಟ್‌ವರೆಗೆ

ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗೆ ಮಗುವನ್ನು ಮೊದಲ ಬಾರಿ ಸೇರಿಸುವಾಗ ಮನೆಮಾತಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳುತ್ತಾರೆ. ಮಗು ಮಾತು ಕಲಿತದ್ದು ಯಾವ ಭಾಷೆಯಲ್ಲಿ, ಮನೆಯಲ್ಲಿ ಅದು ಹೆಚ್ಚಾಗಿ ಆಡುವುದು ಯಾವುದು, ಅಪ್ಪ ಅಮ್ಮ ಅದರೊಡನೆ ಆಡುವುದು ಯಾವುದು, ಮನೆಯ ದೊಡ್ಡವರು ತಮ್ಮತಮ್ಮಲ್ಲಿ ಆಡುವುದು ಯಾವುದು. ನಮ್ಮವರಲ್ಲಿ ಅನೇಕರು ನಾಲ್ಕಕ್ಕೂ ‘ಇಂಗ್ಲಿಷ್’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಕನ್ನಡ ಎಂದು ಬರೆದರೆ ಮಗುವನ್ನು ಹಿಂದಿನ ಬೆಂಚಿಗೆ ತಳ್ಳುತ್ತಾರೆ ಎಂಬ ಭಯ. ಈ ಭಯದ ಬೆಲೆಯನ್ನು ಮಗುವೂ ಶಾಲೆಯೂ ತೆರಬೇಕಾಗುತ್ತದೆ. ಹೇಗೆ ಎಂದು ತಿಳಿಯಲು ಶಾಲೆಗೆ ಹಣ ಬರುವ ದಾರಿಯನ್ನು ನೋಡಬೇಕು.

2013ರಲ್ಲಿ ರಾಜ್ಯವು ಹಳೆಯ ಹತ್ತಾರು ಬಗೆಯ ಅನುದಾನಗಳನ್ನು ಒಟ್ಟುಗೂಡಿಸಿ ಎಲ್‌ಸಿಎಫ್‌ಎಫ್ ಎಂಬ ಒಂದೇ ಸೂತ್ರ ತಂದಿತು. ಅದರಲ್ಲಿ ಪ್ರತಿ ಮಗುವಿಗೂ ತರಗತಿಗೆ ತಕ್ಕಂತೆ ಒಂದು ಮೂಲ ಮೊತ್ತವಿದೆ. ಅದರ ಮೇಲೆ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಕಡಿಮೆ ಆದಾಯದ ಮನೆಯ ಮಕ್ಕಳು, ಸಾಕು ಮನೆಗಳಲ್ಲಿ ಸರ್ಕಾರದ ಆಶ್ರಯದಲ್ಲಿರುವ ಮಕ್ಕಳು, ಈ ಮೂರು ಗುಂಪಿನವರಿಗೆ ಮೂಲ ಮೊತ್ತದ ಶೇ. 20ರಷ್ಟು ಹೆಚ್ಚುವರಿ. ಎರಡು ಗುಂಪಿಗೆ ಸೇರಿದ ಮಗುವನ್ನೂ ಒಮ್ಮೆ ಮಾತ್ರ ಎಣಿಸುತ್ತಾರೆ. ಇಂಥ ಮಕ್ಕಳು ಶೇ. 55ನ್ನು ದಾಟಿದ, ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಡಿಸ್ಟ್ರಿಕ್ಟ್‌ಗಳಿಗೆ ಇನ್ನೂ ಒಂದು ದೊಡ್ಡ ಮೊತ್ತ ಸಿಗುತ್ತದೆ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಫ್ರೀಮಾಂಟ್, ಡಬ್ಲಿನ್, ಸ್ಯಾನ್ ರಮೋನ್ ಕಡೆ ಅದರ ಮಾತಿಲ್ಲ. ಇಲ್ಲಿನ ಓದಿನ ನೆರವು ನಿಂತಿರುವುದು ಆ ಶೇ. 20ರ ಮೇಲೆಯೇ.

ಲೆಕ್ಕಕ್ಕೆಂದು ಮೂಲ ಮೊತ್ತ 10,000 ಡಾಲರ್ ಎಂದಿಟ್ಟುಕೊಳ್ಳಿ. ಸಾವಿರ ಮಕ್ಕಳ ಡಿಸ್ಟ್ರಿಕ್ಟಿನಲ್ಲಿ ಈ ಮೂರು ಗುಂಪಿನವರು 300 ಇದ್ದರೆ ಹೆಚ್ಚುವರಿ ಹಣ 6 ಲಕ್ಷ ಡಾಲರ್. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ನಾಲ್ಕೈದು ಜನರ ಗುಂಪು ಮಾಡಿ ಕೂರಿಸಿಕೊಳ್ಳುವ ಶಿಕ್ಷಕಿ, ಬೇಸಿಗೆ ತರಗತಿ, ಮನೆಮಾತಿನಲ್ಲಿ ತಂದೆತಾಯಿಯೊಡನೆ ಮಾತಾಡುವ ಸಹಾಯಕರು, ಎಲ್ಲ ಇದರೊಳಗೇ ಆಗಬೇಕು. ಎಣಿಕೆಯಿಂದ 20 ಮಕ್ಕಳು ತಪ್ಪಿದರೆ 40,000 ಡಾಲರ್ ಹೋಯಿತು. ಶೇಕಡಾವಾರು ಲೆಕ್ಕವನ್ನು ಮೂರು ವರ್ಷದ ಸರಾಸರಿಯಲ್ಲಿ ಹಾಕುವುದರಿಂದ ಒಂದು ವರ್ಷದ ತಪ್ಪು ಎಣಿಕೆಯ ಪೆಟ್ಟು ಮೂರು ವರ್ಷಕ್ಕೆ ಹಂಚಿಹೋಗುತ್ತದೆ.

ಈ ಎಣಿಕೆಯ ದಿನ ಅಕ್ಟೋಬರ್ ತಿಂಗಳ ಮೊದಲ ಬುಧವಾರ. ಆದ್ದರಿಂದ ಆಗಸ್ಟಿನಲ್ಲಿ ಬರುವ ಫಾರ್ಮುಗಳೇ ಮುಖ್ಯ. ಅವುಗಳಲ್ಲಿ ಒಂದು, ಕಡಿಮೆ ಆದಾಯದ ಮನೆಯ ಮಕ್ಕಳನ್ನು ಗುರುತಿಸುವ ಆದಾಯದ ಫಾರ್ಮ್. 2022-23ರಿಂದ ರಾಜ್ಯದ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಉಚಿತ ಊಟವಿದೆ. ಒಳ್ಳೆಯ ಕೆಲಸವೇ. ಆದರೆ ಊಟ ಹೇಗೂ ಸಿಗುತ್ತದೆ ಎಂದು ಆದಾಯದ ಫಾರ್ಮನ್ನು ಮನೆಗಳು ಪಕ್ಕಕ್ಕಿಡುತ್ತವೆ. ಕ್ಯಾಲ್‌ಫ್ರೆಶ್ ಎಂಬ ಆಹಾರ ನೆರವಿನ ಅಥವಾ ಮೆಡಿ-ಕ್ಯಾಲ್ ಎಂಬ ಆರೋಗ್ಯ ವಿಮೆಯ ದಾಖಲೆಯಿಂದ ಕೆಲವು ಮಕ್ಕಳು ತಾವಾಗಿಯೇ ಲೆಕ್ಕಕ್ಕೆ ಸಿಗುತ್ತಾರೆ, ಉಳಿದವರು ಕೈಬಿಟ್ಟುಹೋಗುತ್ತಾರೆ. ಕೆಲಸ ಕಳೆದುಕೊಂಡ ಮನೆ, ಒಬ್ಬರ ಸಂಬಳದಲ್ಲಿ ನಾಲ್ವರು ಬದುಕುವ ಮನೆ, ಓದುತ್ತಿರುವ ತಂದೆತಾಯಿಯ ಮನೆ ನಮ್ಮಲ್ಲೂ ಇವೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಫಾರ್ಮಿನ ವಿವರ ಗೋಪ್ಯವಾಗಿರುತ್ತದೆ.

ಇನ್ನು ಮನೆಮಾತು. ಮೊದಲ ಮೂರು ಪ್ರಶ್ನೆಗಳಲ್ಲಿ ಯಾವುದಕ್ಕಾದರೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರೆದರೆ 30 ದಿನದೊಳಗೆ ಮಗುವಿಗೆ ಎಲ್ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಇಂಗ್ಲಿಷ್ ಸಲೀಸಾಗಿದ್ದರೆ ಮಗುವನ್ನು ಮೊದಲಿನಿಂದಲೇ ನಿಪುಣ ಎಂದು ಗುರುತಿಸಿ ಬಿಟ್ಟುಬಿಡುತ್ತಾರೆ. ಮುಂದೆ ಪರೀಕ್ಷೆಯೂ ಇಲ್ಲ, ಪ್ರತ್ಯೇಕ ಪಾಠವೂ ಇಲ್ಲ. ನೆರವು ಬೇಕೆಂದು ಕಂಡರೆ ಶಾಲೆಯ ವೇಳೆಯಲ್ಲೇ ದಿನವೂ ಅದಕ್ಕೆಂದು ಮೀಸಲಾದ ಇಂಗ್ಲಿಷ್ ಪಾಠ ಸಿಗುತ್ತದೆ, ಡಿಸ್ಟ್ರಿಕ್ಟಿಗೆ ಹಣವೂ ಬರುತ್ತದೆ. ಪ್ರತಿ ವರ್ಷ ಫೆಬ್ರುವರಿಯಿಂದ ಮೇ ತಿಂಗಳೊಳಗೆ ಮರುಪರೀಕ್ಷೆ. ಅದರಲ್ಲಿ ನಾಲ್ಕನೇ ಮಟ್ಟ ಮುಟ್ಟಿ, ಶಿಕ್ಷಕರ ಅಭಿಪ್ರಾಯ, ತಂದೆತಾಯಿಯ ಅಭಿಪ್ರಾಯ, ಓದುಬರಹದ ಅಂಕ ಎಲ್ಲ ಕೂಡಿಬಂದರೆ ಆ ಪಟ್ಟಿಯಿಂದ ಹೊರಗೆ. ಇಲ್ಲಿ ಎಡವುವುದು ಎರಡು ಕಡೆ. ನಿಜವಾಗಿ ನೆರವು ಬೇಕಾದ ಮಗುವಿನ ಫಾರ್ಮಿನಲ್ಲಿ ಇಂಗ್ಲಿಷ್ ಎಂದು ಬರೆದು ಅದನ್ನು ಕಾಣದಂತೆ ಮಾಡುವುದು ಒಂದು. ಪಟ್ಟಿಗೆ ಸೇರಿದ ಮಗು ಹೊರಬರಲು ತಯಾರಾಗಿದ್ದರೂ ಯಾರೂ ಕೇಳದೆ ಮಿಡ್ಲ್ ಸ್ಕೂಲಿನವರೆಗೂ ಅಲ್ಲೇ ಉಳಿಯುವುದು ಇನ್ನೊಂದು. ಅಲ್ಲಿ ಆ ಪಾಠವು ಮಗು ಇಷ್ಟಪಟ್ಟ ಸಂಗೀತದ ಅಥವಾ ಚಿತ್ರಕಲೆಯ ಪೀರಿಯಡ್ಡನ್ನು ನುಂಗಬಹುದು. ಎಲ್ಪ್ಯಾಕ್ ಅಂಕಪಟ್ಟಿ ಮನೆಗೆ ಬಂದಾಗ ಒಟ್ಟು ಮಟ್ಟ ನಾಲ್ಕು ಎಂದಿದ್ದರೆ ಅದೇ ವಾರ ಶಾಲೆಗೆ ಇಮೇಲ್ ಮಾಡಿ. ಬರೆದ ಉತ್ತರವನ್ನು ತಿದ್ದುವುದಿದ್ದರೆ ಮೊದಲ ಪರೀಕ್ಷೆಗೆ ಮುಂಚೆ ತಿದ್ದಬೇಕು ಎಂಬುದೂ ನೆನಪಿರಲಿ.

ವೀಸಾದ ಮೇಲೆ ಬಂದ ಮನೆಗಳಿಗೆ ಒಂದು ಮಾತು. ಹುಟ್ಟಿದ ದೇಶ ಯಾವುದು, ಅಮೆರಿಕದ ಶಾಲೆಗೆ ಮೊದಲು ಸೇರಿದ್ದು ಯಾವಾಗ ಎಂಬ ಪ್ರಶ್ನೆ ಇರುವುದು ಇಂಗ್ಲಿಷ್ ಕಲಿಯುವ ಮತ್ತು ವಲಸೆ ಬಂದ ಮಕ್ಕಳಿಗೆಂದಿರುವ ಫೆಡರಲ್ ಟೈಟಲ್ 3 ನಿಧಿಯ ಸಲುವಾಗಿ. ಹೊರದೇಶದಲ್ಲಿ ಹುಟ್ಟಿ, ಇಲ್ಲಿನ ಶಾಲೆಗಳಲ್ಲಿ ಇನ್ನೂ ಮೂರು ಪೂರ್ಣ ವರ್ಷ ಕಳೆಯದ ಮಗು ಆ ಲೆಕ್ಕಕ್ಕೆ ಬರುತ್ತದೆ. ವಲಸೆಯ ದಾಖಲೆ ಏನೇ ಇರಲಿ, ಸರ್ಕಾರಿ ಶಾಲೆಯಲ್ಲಿ ಕಲಿಯುವ ಹಕ್ಕು ಮಗುವಿಗಿದೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಹಣ ಕರಗುವ ಮತ್ತೊಂದು ಜಾಗ ಹಾಜರಿ. ರಾಜ್ಯ ಹಣ ಕೊಡುವುದು ದಾಖಲಾದ ಮಕ್ಕಳ ಸಂಖ್ಯೆಗಲ್ಲ, ದಿನವಹಿ ಹಾಜರಿಯ ಸರಾಸರಿಗೆ. 180 ದಿನದ ಶಾಲಾವರ್ಷದಲ್ಲಿ ಡಿಸೆಂಬರ್ ರಜೆಯ ಜೊತೆಗೆ ಮೂರು ವಾರ ಸೇರಿಸಿ ಊರಿಗೆ ಹೋದರೆ 15 ದಿನ ತಪ್ಪುತ್ತದೆ. ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ ಸುಮಾರು 830 ಡಾಲರ್. 18 ದಿನ ತಪ್ಪಿದರೆ ಮಗು ದೀರ್ಘ ಗೈರುಹಾಜರಿಯ ಪಟ್ಟಿಗೆ ಸೇರುತ್ತದೆ. ಊರಿಗೆ ಹೋಗಬೇಡಿ ಎನ್ನುವುದು ನಮ್ಮ ಮಾತಲ್ಲ. ಅಜ್ಜ ಅಜ್ಜಿಯ ಮನೆಯಲ್ಲಿ ಕಳೆದ ದಿನಗಳಿಗೆ ಬೇರೆಯೇ ಬೆಲೆಯಿದೆ. ಟಿಕೆಟ್ ತೆಗೆದ ಕೂಡಲೇ ಶಾಲೆಯ ಕಚೇರಿಯಲ್ಲಿ ‘ಇಂಡಿಪೆಂಡೆಂಟ್ ಸ್ಟಡಿ’ ಕೇಳಿ. ಲಿಖಿತ ಒಪ್ಪಂದಕ್ಕೆ ಸಹಿ ಹಾಕಿ, ಕೊಟ್ಟ ಕೆಲಸವನ್ನು ಮಾಡಿ ಒಪ್ಪಿಸಿದರೆ ಆ ದಿನಗಳು ಹಾಜರಿಯಾಗುತ್ತವೆ. ಒಪ್ಪಿಸದ ಕೆಲಸಕ್ಕೆ ಹಾಜರಿಯಿಲ್ಲ, ಎಲ್ಲವೂ ನಷ್ಟವಾಗುವುದು ಹೆಚ್ಚಾಗಿ ಇಲ್ಲೇ.

ಪಾಲೊ ಆಲ್ಟೊ, ಸಾಂಟಾ ಕ್ಲಾರಾ ಯೂನಿಫೈಡ್‌ನಂಥ ಕಡೆ ಕತೆ ಬೇರೆ. ಅಲ್ಲಿ ಆಸ್ತಿ ತೆರಿಗೆಯೇ ಸೂತ್ರದ ಮೊತ್ತಕ್ಕಿಂತ ಹೆಚ್ಚು ಬರುತ್ತದೆ, ಡಿಸ್ಟ್ರಿಕ್ಟ್ ಅದನ್ನು ಇಟ್ಟುಕೊಳ್ಳುತ್ತದೆ. ಮಕ್ಕಳು ಹೆಚ್ಚಾದರೂ ರಾಜ್ಯದಿಂದ ಹಣ ಹೆಚ್ಚುವುದಿಲ್ಲ. ಅದಕ್ಕೇ ಟಿಕೆ ಎಂಬ ನಾಲ್ಕು ವರ್ಷದವರ ತರಗತಿ ಆ ಊರುಗಳಿಗೆ ಭಾರವಾಗಿದೆ.

ಟಿಕೆ 2012ರಲ್ಲಿ ಶುರುವಾಯಿತು; 2014-15ರ ಹೊತ್ತಿಗೆ ಅದು ಸೆಪ್ಟೆಂಬರ್ 2ರಿಂದ ಡಿಸೆಂಬರ್ 2ರೊಳಗೆ ಐದು ತುಂಬುವವರಿಗೆ ಮಾತ್ರ ಇತ್ತು. 2022ರಿಂದ ಹಂತಹಂತವಾಗಿ ವಿಸ್ತರಿಸಿ, 2025-26ರಿಂದ ಸೆಪ್ಟೆಂಬರ್ 1ರೊಳಗೆ ನಾಲ್ಕು ತುಂಬಿದ ಎಲ್ಲ ಮಕ್ಕಳಿಗೂ ತೆರೆದಿದೆ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರಿರಬೇಕು, ತರಗತಿಯ ಸರಾಸರಿ 24 ಮೀರಬಾರದು. ಅಂದರೆ ತುಂಬಿದ ತರಗತಿಗೆ ಶಿಕ್ಷಕಿಯಲ್ಲದೆ ಇನ್ನಿಬ್ಬರು ಸಹಾಯಕರು. ಸಹಾಯಕರು ಸಿಗದೆ ತರಗತಿ 20ಕ್ಕೇ ನಿಲ್ಲುವುದು, ಮನೆ ಹತ್ತಿರದ ಶಾಲೆಯಲ್ಲಿ ಜಾಗವಿಲ್ಲದೆ ಮಗುವನ್ನು ಇನ್ನೊಂದು ಶಾಲೆಗೆ ಕಳಿಸುವುದು ಈ ಕಾರಣಕ್ಕೆ. ದಾಖಲಾತಿ ಶುರುವಾದ ಮೊದಲ ವಾರವೇ ಹೆಸರು ಹಚ್ಚುವುದು ಒಳ್ಳೆಯದು. 2024ರ ಕಾನೂನಿನಿಂದಾಗಿ ಟಿಕೆ ಮಕ್ಕಳಿಗೆ ಎಲ್ಪ್ಯಾಕ್ ಇಲ್ಲ. ಅದು ಕಿಂಡರ್‌ಗಾರ್ಟನ್ ಸೇರಿದ ಮೇಲೆ.

ತಂದೆತಾಯಿಗೆ ಹೆಚ್ಚು ತೊಡಕಾಗುವುದು ವೇಳೆ. ಟಿಕೆಯಲ್ಲಿ ವರ್ಷಕ್ಕೆ ಕನಿಷ್ಠ ಪಾಠ 36,000 ನಿಮಿಷ. 180 ದಿನಕ್ಕೆ ಹಂಚಿದರೆ ದಿನಕ್ಕೆ 3 ಗಂಟೆ 20 ನಿಮಿಷ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದು ಸಾಲದು. ಪಾಠ ಮತ್ತು ಆರೈಕೆ ಸೇರಿ ದಿನಕ್ಕೆ 9 ಗಂಟೆ, ಜೊತೆಗೆ ರಜೆಯ 30 ದಿನ ನೋಡಿಕೊಳ್ಳಲು ಇಎಲ್‌ಒಪಿ ಎಂಬ ಪ್ರತ್ಯೇಕ ನಿಧಿಯಿದೆ. ಆದರೆ ನಮ್ಮ ಕಡೆಯ ಡಿಸ್ಟ್ರಿಕ್ಟ್‌ಗಳಲ್ಲಿ ಅದರ ಮೊದಲ ಹಕ್ಕು ಮೇಲೆ ಹೇಳಿದ ಮೂರು ಗುಂಪಿನ ಮಕ್ಕಳದು. ಉಳಿದವರಿಗೆ ಶುಲ್ಕ ಹಾಕಬಹುದು. ಟಿಕೆ ಉಚಿತ ಎಂದು ಪ್ರಿಸ್ಕೂಲಿನ ಸೀಟು ಬಿಡುವ ಮುನ್ನ ಮಧ್ಯಾಹ್ನದ ಜಾಗ ಖಾತ್ರಿಯೇ, ಎಷ್ಟು ಶುಲ್ಕ ಎಂದು ಕೇಳಿಕೊಳ್ಳಿ.

ಬಾಂಡ್‌ಗೆ (ಶಾಲೆಗಳಿಗಾಗಿ ಎತ್ತುವ ಸಾಲಕ್ಕೆ) ಮತ ಹಾಕಿದೆವು, ಆದರೂ ನೆರವಿನ ಶಿಕ್ಷಕಿಯನ್ನು ಏಕೆ ತೆಗೆದರು ಎಂದು ಪ್ರತಿ ವರ್ಷ ಕೇಳುವವರಿದ್ದಾರೆ. ಶೇ. 55 ಮತದಿಂದ ಪಾಸಾಗುವ ಬಾಂಡ್ ಹಣ ಕಟ್ಟಡಕ್ಕೆ, ಸಲಕರಣೆಗೆ ಮಾತ್ರ. ಸಂಬಳಕ್ಕೆ ಬಳಸಬಹುದಾದದ್ದು ಪ್ರತಿ ನಿವೇಶನದ ಮೇಲೆ ಹಾಕುವ ಪಾರ್ಸೆಲ್ ತೆರಿಗೆ, ಅದಕ್ಕೆ ಸಾಮಾನ್ಯವಾಗಿ ಮೂರನೇ ಎರಡು ಪಾಲು ಮತ ಬೇಕು. ಕೋವಿಡ್ ಕಾಲದ ಫೆಡರಲ್ ನೆರವಿನಲ್ಲಿ ನೇಮಿಸಿಕೊಂಡ ಅನೇಕ ಹುದ್ದೆಗಳು 2024ರ ಸೆಪ್ಟೆಂಬರಿನಲ್ಲಿ ಆ ಹಣದ ಗಡುವು ಮುಗಿದ ಮೇಲೆ ಅನಾಥವಾದವು. ಒಂದು ಬಾರಿಯ ಹಣದಲ್ಲಿ ಕಾಯಂ ಕೆಲಸ ಕೊಟ್ಟರೆ ಆಗುವುದೇ ಇದು.

ಇವೆಲ್ಲ ಒಂದೇ ಕಡೆ ಕಾಣುವುದು ಎಲ್‌ಕ್ಯಾಪ್ ಎಂಬ, ಡಿಸ್ಟ್ರಿಕ್ಟಿನ ಮೂರು ವರ್ಷದ ಯೋಜನೆಯಲ್ಲಿ. ನೂರಾರು ಪುಟ ಇರಬಹುದು, ಎಲ್ಲ ಓದಬೇಕಿಲ್ಲ. ಕೊನೆಯ ಕೋಷ್ಟಕಗಳಿಗೆ ನೇರ ಹೋಗಿ. ಪ್ರತಿ ಕಾರ್ಯಕ್ರಮದ ಮುಂದೆ ಅದು ಹೆಚ್ಚುವರಿ ಹಣದ ಬಾಬ್ತಿಗೆ ಸೇರುತ್ತದೆಯೇ ಎಂಬುದಕ್ಕೆ ಹೌದು ಅಥವಾ ಅಲ್ಲ ಎಂದಿರುತ್ತದೆ. ಹೌದು ಎಂದಿರುವುದು ಆ ಮಕ್ಕಳಿಗೆ ಹೇಗೆ ತಲುಪುತ್ತದೆ ಎಂದು ಕೇಳುವ ಹಕ್ಕು ನಿಮ್ಮದು. ವಾರ್ಷಿಕ ವರದಿಯ ಕೋಷ್ಟಕದಲ್ಲಿ ಯೋಜಿಸಿದ ಖರ್ಚು, ಆದ ಖರ್ಚು ಅಕ್ಕಪಕ್ಕ ಇರುತ್ತವೆ. 3 ಲಕ್ಷ ಎಂದು ಬರೆದು 1.9 ಲಕ್ಷ ಖರ್ಚಾಗಿದ್ದರೆ, ಬಹುಮಟ್ಟಿಗೆ ಹುದ್ದೆ ಖಾಲಿ ಉಳಿದಿದೆ ಎಂದರ್ಥ. ಆ ಮಕ್ಕಳಿಗೆ ಕೊಡಬೇಕಾದ ಸೇವೆಯ ಬಾಕಿಯನ್ನು ಮುಂದಿನ ವರ್ಷಕ್ಕೆ ಒಯ್ಯಬೇಕು ಎಂಬ ನಿಯಮವಿದೆ.

ಜೂನ್ ತಿಂಗಳ ಬೋರ್ಡ್ ಸಭೆಗೆ ಹೋಗಿ ಎರಡು ನಿಮಿಷ ಮಾತಾಡಿದರೆ ಆಗುವುದು ಕಡಿಮೆ. ಅಷ್ಟು ಹೊತ್ತಿಗೆ ಬಜೆಟ್ ಗಟ್ಟಿಯಾಗಿರುತ್ತದೆ. ಶಿಕ್ಷಕರ ವಜಾ ನೋಟಿಸಿನ ಗಡುವು ಮಾರ್ಚ್ 15, ಎಲ್‌ಕ್ಯಾಪ್‌ನ ಮಧ್ಯವರ್ಷದ ವರದಿ ಬೋರ್ಡಿನ ಮುಂದೆ ಬರುವುದು ಫೆಬ್ರುವರಿ ಕೊನೆಯೊಳಗೆ. ಮಾತಾಡಬೇಕಾದದ್ದು ಆಗ. ಇಂಗ್ಲಿಷ್ ಕಲಿಯುವವರು 21 ಅಥವಾ ಹೆಚ್ಚಿರುವ ಶಾಲೆಯಲ್ಲಿ, 51 ಅಥವಾ ಹೆಚ್ಚಿರುವ ಡಿಸ್ಟ್ರಿಕ್ಟಿನಲ್ಲಿ ತಂದೆತಾಯಿಯರ ಸಲಹಾ ಸಮಿತಿ ಇರಲೇಬೇಕು. ಅಲ್ಲಿ ಕನ್ನಡದ ಮನೆಯವರೂ ಕೂರಬೇಕು. ಎಲ್‌ಕ್ಯಾಪ್ ಕುರಿತು ಡಿಸ್ಟ್ರಿಕ್ಟ್ ಮಟ್ಟದ ಸಲಹಾ ಸಮಿತಿ ಹೇಳಿದ್ದಕ್ಕೆ ಸೂಪರಿಂಟೆಂಡೆಂಟ್ ಲಿಖಿತ ಉತ್ತರ ಕೊಡಲೇಬೇಕು ಎಂದು ಕಾನೂನು ಹೇಳುತ್ತದೆ. ಆದ್ದರಿಂದ ಸಮಿತಿಯ ಮಾತು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಎಲ್‌ಕ್ಯಾಪ್‌ನ ಸಾರ್ವಜನಿಕ ವಿಚಾರಣೆ ಒಂದು ಸಭೆಯಲ್ಲಿ, ಅಂಗೀಕಾರ ಇನ್ನೊಂದರಲ್ಲಿ, ಎರಡೂ ಜುಲೈ 1ರೊಳಗೆ.